ಮಾಡದ ಕೆಲಸದ ದಣಿವು: ಸೋರಿಹೋಗುವ ಉತ್ಸಾಹವನ್ನು ತಡೆಯುವ ಬಗೆ

ದಿನವಿಡೀ ಕಲ್ಲು ಹೊತ್ತವರು ರಾತ್ರಿ ದಣಿಯುವುದು ಸಹಜ. ಆ ದಣಿವಿಗೆ ಒಂದು ಸಮಾಧಾನವೂ ಇರುತ್ತದೆ. ಮಲಗಿದೊಡನೆ ನಿದ್ದೆ ಬರುತ್ತದೆ. ಅರ್ಥವಾಗದಿರುವುದು ಇನ್ನೊಂದು ಬಗೆಯ ದಣಿವು. ಬೆಳಿಗ್ಗೆ ಎದ್ದಾಗ ಮುಂದೆ ನಾಲ್ಕು ಕೆಲಸಗಳಿದ್ದವು. ಸಂಜೆಯಾದರೂ ನಾಲ್ಕೂ ಹಾಗೆಯೇ ಕುಳಿತಿವೆ. ಆದರೂ ಮೈಕೈ ಸೋತಿದೆ, ತಲೆ ಭಾರವಾಗಿದೆ, ಯಾರಾದರೂ ಮಾತನಾಡಿಸಿದರೆ ಸಿಡುಕುವಷ್ಟು ಸುಸ್ತು. ಏನೂ ಮಾಡದೆ ದಣಿದೆನಲ್ಲ ಎಂದು ನಮ್ಮನ್ನು ನಾವೇ ಬೈದುಕೊಳ್ಳುತ್ತೇವೆ, ಬೈದುಕೊಂಡು ಇನ್ನಷ್ಟು ಕುಗ್ಗುತ್ತೇವೆ.

ಈ ದಣಿವು ನನಗೆ ಚೆನ್ನಾಗಿ ಗೊತ್ತು. ಹಿಂದೊಮ್ಮೆ ಒಂದು ಪತ್ರಕ್ಕೆ ಉತ್ತರ ಬರೆಯುವುದನ್ನು ಏಳು ವಾರ ಮುಂದೂಡಿದ್ದೆ. ಉತ್ತರದಲ್ಲಿ ಹೇಳಬೇಕಾದದ್ದು ಸ್ವಲ್ಪ ಕಹಿಯಾಗಿತ್ತು, ಅಷ್ಟೇ ಕಾರಣ. ಆ ಏಳು ವಾರಗಳಲ್ಲಿ ಅದು ನೆನಪಾಗದ ದಿನವಿರಲಿಲ್ಲ: ಸ್ನಾನ ಮಾಡುವಾಗ, ಬೇರೆ ಯಾರೊಂದಿಗೋ ನಗುತ್ತಿರುವಾಗ, ರಾತ್ರಿ ದೀಪ ಆರಿಸುವಾಗ. ಕೊನೆಗೆ ಒಂದು ಭಾನುವಾರ ಕುಳಿತು ಬರೆದೆ. ಹನ್ನೊಂದು ನಿಮಿಷ ಹಿಡಿಯಿತು. ಎದ್ದಾಗ ಮೈ ಹಗುರಾಗಿತ್ತು, ಆ ದಿನ ಇನ್ನೂ ಮೂರು ಕೆಲಸಗಳು ತಾವಾಗಿಯೇ ಮುಗಿದವು. ಹನ್ನೊಂದು ನಿಮಿಷದ ಕೆಲಸ ನನ್ನಿಂದ ಏಳು ವಾರಗಳ ಹುಮ್ಮಸ್ಸನ್ನು ಕಸಿದುಕೊಂಡಿತ್ತು.

ಅಂದಿನಿಂದ ನನಗೊಂದು ನಂಬಿಕೆ ಬಲವಾಗಿದೆ. ನಮ್ಮನ್ನು ಹೆಚ್ಚು ದಣಿಸುವವು ಅರೆಬರೆಯಾಗಿ ಹಿಡಿದುಕೊಂಡು ತಿರುಗುವ ಸಂಗತಿಗಳು: ಬರೆಯದ ಉತ್ತರ, ಬಾಯಿಗೆ ಬಂದರೂ ಹೇಳದ ‘ಆಗುವುದಿಲ್ಲ’, ಅರ್ಧ ಓದಿ ಅರ್ಧ ಮೊಬೈಲ್ ನೋಡಿ ಕಳೆದ ಗಂಟೆ, ಮನಸ್ಸಿನಲ್ಲಿ ಮುಗಿಯದ ಜಗಳ, ಅರ್ಧಕ್ಕೇ ಬಿಟ್ಟ ನಿದ್ದೆ. ಉತ್ಸಾಹವನ್ನು ಹೊರಗಿನಿಂದ ತುಂಬಿಕೊಳ್ಳಲು ಹೊರಡುವ ಮುನ್ನ ಇರುವುದು ಎಲ್ಲಿ ಸೋರುತ್ತಿದೆ ಎಂದು ನೋಡಬೇಕು. ತೂತು ಕೊಡಕ್ಕೆ ಎಷ್ಟು ನೀರು ಸುರಿದರೇನು? ಆ ತೂತುಗಳನ್ನು ಹುಡುಕಿ ಒಂದೊಂದಾಗಿ ಮುಚ್ಚುವ ಕ್ರಮವನ್ನು ಇಲ್ಲಿ ಬರೆದಿದ್ದೇನೆ.

ಶುರು ಮಾಡುವ ಮುನ್ನ ದೇಹವನ್ನು ಕೇಳಿ

ಎಲ್ಲ ದಣಿವೂ ಅಭ್ಯಾಸದಿಂದ ಬರುವುದಿಲ್ಲ. ರಕ್ತಹೀನತೆ, ಥೈರಾಯ್ಡ್ ಗ್ರಂಥಿಯ ತೊಂದರೆ, ಬಿ12 ಜೀವಸತ್ವದ ಕೊರತೆ, ಮಧುಮೇಹ, ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆ, ಕೆಲವು ಔಷಧಿಗಳು, ಇವೆಲ್ಲ ಮನುಷ್ಯನನ್ನು ‘ಸೋಮಾರಿ’ಯಂತೆ ಕಾಣಿಸಬಲ್ಲವು. ಸಾಕಷ್ಟು ಮಲಗಿ ಎದ್ದರೂ ವಾರಗಟ್ಟಲೆ ಸುಸ್ತು ಹೋಗದಿದ್ದರೆ ಮೊದಲು ವೈದ್ಯರನ್ನು ಕಂಡು ರಕ್ತ ಪರೀಕ್ಷೆ ಮಾಡಿಸಿಕೊಳ್ಳಿ. ಮೊದಲು ಇಷ್ಟವಾಗುತ್ತಿದ್ದ ಯಾವುದೂ ಈಗ ಇಷ್ಟವಾಗದೆ, ಮನಸ್ಸು ಕುಸಿದು ಎರಡು ವಾರಗಳಿಗಿಂತ ಹೆಚ್ಚಾಗಿದ್ದರೆ ಅದು ಖಿನ್ನತೆ ಇರಬಹುದು. ಅದಕ್ಕೆ ಚಿಕಿತ್ಸೆ ಇದೆ. ಬದುಕೇ ಬೇಡವೆನ್ನಿಸುತ್ತಿದ್ದರಂತೂ ಒಂದು ದಿನವೂ ಕಾಯದೆ ಹತ್ತಿರದವರೊಬ್ಬರಿಗೆ ಹೇಳಿ, ವೈದ್ಯರ ಬಳಿ ಹೋಗಿ. ಅಂಥ ಸ್ಥಿತಿಯಲ್ಲಿರುವವರಿಗೆ ‘ಅಭ್ಯಾಸ ಸರಿಮಾಡಿಕೋ’ ಎಂದು ಉಪದೇಶಿಸುವುದು ಕ್ರೌರ್ಯ.

ಮೊದಲ ಹೆಜ್ಜೆ: ಏಳು ದಿನಗಳ ಲೆಕ್ಕ

ಎಲ್ಲರೂ ದಾಟಿ ಮುಂದೆ ಹೋಗಬಯಸುವ ಹೆಜ್ಜೆ ಇದು. ದಯವಿಟ್ಟು ದಾಟಬೇಡಿ. ನಮ್ಮ ಅಭ್ಯಾಸಗಳು ನಮಗೆ ಗೊತ್ತೇ ಇವೆ ಎಂದು ನಾವು ಅಂದುಕೊಳ್ಳುತ್ತೇವೆ, ಆದರೆ ಅಭ್ಯಾಸವೆಂದರೆ ಗೊತ್ತಿಲ್ಲದೆ ನಡೆಯುವುದು ತಾನೆ? ಮನಶ್ಶಾಸ್ತ್ರಜ್ಞೆ ವೆಂಡಿ ವುಡ್ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಭಾಗವಹಿಸಿದವರು ತಾವು ಏನು ಮಾಡುತ್ತಿದ್ದೇವೆ, ಏನು ಯೋಚಿಸುತ್ತಿದ್ದೇವೆ ಎಂದು ಆಗಾಗ ಬರೆದಿಟ್ಟರು. ಅವರ ಕ್ರಿಯೆಗಳಲ್ಲಿ ಸುಮಾರು ಶೇ 43ರಷ್ಟು ಹೆಚ್ಚುಕಡಿಮೆ ದಿನವೂ ಅದೇ ಸಂದರ್ಭದಲ್ಲಿ, ಮನಸ್ಸು ಇನ್ನೆಲ್ಲೋ ಇರುವಾಗ ನಡೆಯುತ್ತಿದ್ದವು.

ಹೀಗೆ ಮಾಡಿ. ಒಂದು ಚಿಕ್ಕ ನೋಟ್‌ಬುಕ್ ಇಟ್ಟುಕೊಳ್ಳಿ. ಮೊಬೈಲ್ ಬೇಡ, ಏಕೆಂದರೆ ಅದೇ ಒಂದು ತೂತಾಗಿರುವ ಸಾಧ್ಯತೆ ಇದೆ. ಬೆಳಿಗ್ಗೆ ಹತ್ತು, ಮಧ್ಯಾಹ್ನ ಒಂದು, ಸಂಜೆ ನಾಲ್ಕು, ರಾತ್ರಿ ಎಂಟು, ಹೀಗೆ ದಿನಕ್ಕೆ ನಾಲ್ಕು ಹೊತ್ತು ನಿಮ್ಮ ಕಸುವಿಗೆ 1ರಿಂದ 5ರೊಳಗೆ ಒಂದು ಅಂಕಿ ಕೊಡಿ. ಅದರ ಪಕ್ಕದಲ್ಲಿ ಹಿಂದಿನ ಒಂದು ಗಂಟೆ ಏನು ಮಾಡಿದಿರಿ, ಯಾರ ಜೊತೆ ಇದ್ದಿರಿ, ತಲೆಯಲ್ಲಿ ಏನು ಓಡುತ್ತಿತ್ತು ಎಂದು ಒಂದೇ ಸಾಲು ಬರೆಯಿರಿ. ಏಳು ದಿನಗಳಲ್ಲಿ ಇಪ್ಪತ್ತೆಂಟು ಸಾಲುಗಳಾಗುತ್ತವೆ. ಈ ವಾರ ಏನನ್ನೂ ಬದಲಾಯಿಸಬೇಡಿ, ಸುಮ್ಮನೆ ಬರೆಯಿರಿ.

ವಾರದ ಕೊನೆಗೆ 1 ಮತ್ತು 2 ಅಂಕಿ ಬಿದ್ದ ಸಾಲುಗಳ ಕೆಳಗೆ ಗೆರೆ ಎಳೆಯಿರಿ. ಅವುಗಳಲ್ಲಿ ಏನು ಮತ್ತೆಮತ್ತೆ ಬರುತ್ತಿದೆ? ನನ್ನ ಮೊದಲ ಲೆಕ್ಕದಲ್ಲಿ ಕಷ್ಟದ ಕೆಲಸ ಮಾಡಿದ ಗಂಟೆಗಳ ನಂತರ 3 ಅಥವಾ 4 ಇತ್ತು. ‘ಕೆಲಸ ಶುರು ಮಾಡಬೇಕು ಎಂದುಕೊಳ್ಳುತ್ತಾ ಕುಳಿತಿದ್ದೆ’ ಎಂದು ಬರೆದ ಸಾಲುಗಳ ಎದುರಿಗೆಲ್ಲ 1. ಇದನ್ನು ನನಗೆ ಯಾರಾದರೂ ಬಾಯಲ್ಲಿ ಹೇಳಿದ್ದರೆ ಒಪ್ಪುತ್ತಿರಲಿಲ್ಲ. ನನ್ನ ಅಕ್ಷರದಲ್ಲೇ ಇದ್ದುದರಿಂದ ಒಪ್ಪಲೇಬೇಕಾಯಿತು.

ಎರಡನೆಯ ಹೆಜ್ಜೆ: ಬಾಕಿ ಕೆಲಸಗಳನ್ನು ತಲೆಯಿಂದ ಕಾಗದಕ್ಕೆ ಇಳಿಸಿ

ಮಿದುಳು ನಮ್ಮ ತೂಕದಲ್ಲಿ ಶೇ 2ರಷ್ಟಿದ್ದು, ವಿಶ್ರಾಂತಿಯಲ್ಲಿರುವಾಗಲೂ ದೇಹ ಬಳಸುವ ಶಕ್ತಿಯಲ್ಲಿ ಸುಮಾರು ಶೇ 20ರಷ್ಟನ್ನು ತೆಗೆದುಕೊಳ್ಳುತ್ತದೆ. ಇದನ್ನು ಕೇಳಿ ‘ಹೆಚ್ಚು ಯೋಚಿಸಿದ್ದರಿಂದಲೇ ಶಕ್ತಿ ಖಾಲಿಯಾಯಿತು’ ಎಂದುಕೊಳ್ಳುವವರಿದ್ದಾರೆ. ಹಾಗಲ್ಲ. ಗಹನವಾಗಿ ಯೋಚಿಸುವಾಗ ಮಿದುಳು ಬಳಸುವ ಶಕ್ತಿ ಸುಮ್ಮನಿರುವಾಗಿನದಕ್ಕಿಂತ ಹೆಚ್ಚೇನೂ ಏರುವುದಿಲ್ಲ. ಕಡಿಮೆಯಾಗುವುದು ಗಮನ. ಒಂದೇ ಹೊತ್ತಿಗೆ ಮನಸ್ಸು ಹಿಡಿದಿಟ್ಟುಕೊಳ್ಳಬಲ್ಲ ಸಂಗತಿಗಳು ಕೆಲವೇ. ಅವುಗಳ ಜಾಗದಲ್ಲಿ ಬಾಕಿ ಕೆಲಸಗಳು ಬಂದು ಕುಳಿತರೆ ಕೈಯಲ್ಲಿರುವ ಕೆಲಸಕ್ಕೆ ಉಳಿಯುವುದು ಮೂಲೆ ಮಾತ್ರ.

ಬರ್ಲಿನ್‌ನಲ್ಲಿ ಸಂಶೋಧನೆ ಮಾಡುತ್ತಿದ್ದ ಬ್ಲೂಮಾ ಜೈಗಾರ್ನಿಕ್ 1927ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಜನರಿಗೆ ಮುಗಿಸಿದ ಕೆಲಸಗಳಿಗಿಂತ ನಡುವೆ ತಡೆಯಲ್ಪಟ್ಟ ಕೆಲಸಗಳೇ ಹೆಚ್ಚು ನೆನಪಿದ್ದವು. ಆಮೇಲೆ ಬೇರೆಯವರು ಮಾಡಿ ನೋಡಿದಾಗ ನೆನಪಿನ ಈ ವ್ಯತ್ಯಾಸ ಪ್ರತಿ ಬಾರಿಯೂ ಕಂಡುಬರಲಿಲ್ಲ ಎಂಬುದನ್ನೂ ಹೇಳಬೇಕು. ನಮ್ಮ ಉಪಯೋಗಕ್ಕೆ ಬರುವುದು 2011ರ ಇನ್ನೊಂದು ಸಂಶೋಧನೆ. ಮಾಸಿಕ್ಯಾಂಪೊ ಮತ್ತು ರಾಯ್ ಬಾಮೈಸ್ಟರ್ ನಡೆಸಿದ ಆ ಪ್ರಯೋಗಗಳಲ್ಲಿ, ಬಾಕಿ ಗುರಿಗಳು ಓದುವಾಗಲೂ ನಡುವೆ ನುಸುಳಿ ಗಮನವನ್ನು ಎಳೆಯುತ್ತಿದ್ದವು. ಆ ಗುರಿಯನ್ನು ಯಾವಾಗ, ಹೇಗೆ ಮುಗಿಸುತ್ತೇವೆಂದು ಖಚಿತ ಯೋಜನೆ ಹಾಕಿಕೊಂಡವರಲ್ಲಿ ಆ ಎಳೆತ ನಿಂತಿತು. ಕೆಲಸ ಇನ್ನೂ ಮುಗಿದಿರಲಿಲ್ಲ, ಅದಕ್ಕೊಂದು ದಿನ ಮತ್ತು ದಾರಿ ಗೊತ್ತಾಗಿತ್ತು, ಅಷ್ಟಕ್ಕೇ ಮನಸ್ಸು ಅದನ್ನು ಕೆಳಗಿಟ್ಟಿತು.

ಹಾಗಾಗಿ ಅರ್ಧ ಗಂಟೆ ಬಿಡುವು ಮಾಡಿಕೊಂಡು ತಲೆಯಲ್ಲಿ ಸುತ್ತುತ್ತಿರುವ ಪ್ರತಿಯೊಂದು ಬಾಕಿಯನ್ನೂ ಬರೆಯಿರಿ. ದೊಡ್ಡದು, ಚಿಕ್ಕದು, ನಾಚಿಕೆಯದು, ಯಾವುದನ್ನೂ ಬಿಡಬೇಡಿ. ತೀರಿಸಬೇಕಾದ ಸಾಲ, ಹರಿದ ಚೀಲದ ಹೊಲಿಗೆ, ಕ್ಷಮೆ ಕೇಳಬೇಕಾದ ಗೆಳೆಯ, ಬದಲಾಯಿಸಬೇಕಾದ ಬಲ್ಬ್, ಎಲ್ಲವೂ ಒಂದೇ ಹಾಳೆಯಲ್ಲಿ ಇರಲಿ. ಮೊದಲ ಸಲ ಬರೆದಾಗ ಪಟ್ಟಿ ಉದ್ದವಾಗಿ ಗಾಬರಿಯಾಗಬಹುದು. ನೀವು ಇಷ್ಟು ದಿನ ಅದನ್ನೆಲ್ಲ ತಲೆಯಲ್ಲೇ ಹೊತ್ತು ನಡೆದಿದ್ದೀರಿ ಎಂಬುದನ್ನು ನೆನಪಿಡಿ.

ಈಗ ಒಂದೊಂದರ ಮುಂದೆ ತೀರ್ಮಾನ ಬರೆಯಬೇಕು. ಐದು ನಿಮಿಷದೊಳಗೆ ಮುಗಿಯುವುದನ್ನು ಇವತ್ತೇ ಮುಗಿಸಿಬಿಡಿ. ಹೆಚ್ಚು ಹೊತ್ತು ಬೇಡುವುದಕ್ಕೆ ದಿನ, ಗಂಟೆ ಮತ್ತು ಮೊಟ್ಟಮೊದಲು ಮಾಡುವ ಕೆಲಸವನ್ನು ಬರೆಯಿರಿ. ‘ಲೆಕ್ಕಪತ್ರ ಸರಿಮಾಡಬೇಕು’ ಎಂದು ಬರೆದರೆ ಅದು ಇನ್ನೂ ತಲೆಯಲ್ಲೇ ಇದೆ ಎಂದರ್ಥ. ‘ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ರಸೀದಿಗಳನ್ನೆಲ್ಲ ಮೇಜಿನ ಮೇಲೆ ಹರಡುತ್ತೇನೆ’ ಎಂದರೆ ಇಳಿಯಿತು. ಮೂರನೆಯ ಬಗೆಯವು ನಾವು ಎಂದೂ ಮಾಡುವುದಿಲ್ಲವೆಂದು ಒಳಗೊಳಗೇ ಗೊತ್ತಿರುವ ಕೆಲಸಗಳು: ಕಲಿಯಲು ಹೊರಟು ನಾಲ್ಕು ವರ್ಷದಿಂದ ಮೂಲೆಯಲ್ಲಿರುವ ವಾದ್ಯ, ಯಾರೋ ಹೊಗಳಿದರೆಂದು ಕೊಂಡ ದಪ್ಪ ಪುಸ್ತಕ. ಅವುಗಳ ಮೇಲೆ ಗೆರೆ ಎಳೆದು, ವಸ್ತುವನ್ನು ಬೇಕಾದವರಿಗೆ ಕೊಟ್ಟುಬಿಡಿ. ಬಿಟ್ಟುಬಿಡುವುದೂ ಮುಗಿಸುವ ಒಂದು ಬಗೆ, ಮತ್ತು ನನ್ನ ಅನುಭವದಲ್ಲಿ ಅತಿ ಹೆಚ್ಚು ಬಿಡುಗಡೆ ಸಿಕ್ಕಿದ್ದು ಇದರಿಂದಲೇ.

ಮುಂದೂಡುವುದನ್ನು ನಾವು ಸಮಯ ನಿರ್ವಹಣೆಯ ದೋಷವೆಂದು ಭಾವಿಸುತ್ತೇವೆ. ಈ ವಿಷಯವನ್ನು ಬಹುಕಾಲ ಅಭ್ಯಸಿಸಿದ ಫ್ಯೂಷಿಯಾ ಸಿರ್ವಾ ಮತ್ತು ಟಿಮತಿ ಪಿಚಿಲ್ 2013ರಲ್ಲಿ ಬೇರೆ ವಿವರಣೆ ಕೊಟ್ಟರು: ನಾವು ದೂರ ತಳ್ಳುವುದು ಆ ಕೆಲಸ ಎಬ್ಬಿಸುವ ಭಯ, ಬೇಸರ, ಸಂಕೋಚಗಳನ್ನು, ಕೆಲಸ ಅವುಗಳ ಜೊತೆಗೆ ಹೋಗುತ್ತದೆ. ಹಾಗಾಗಿ ಪಟ್ಟಿಯಲ್ಲಿ ಯಾವುದಾದರೂ ಒಂದು ಮೂರು ವಾರ ಕದಲದೆ ಕುಳಿತಿದ್ದರೆ ಅದರ ಪಕ್ಕದಲ್ಲಿ ‘ಇದನ್ನು ಮುಟ್ಟಿದರೆ ನನಗೆ ಏನನ್ನಿಸುತ್ತದೆ?’ ಎಂದು ಕೇಳಿಕೊಂಡು ಉತ್ತರ ಬರೆಯಿರಿ. ‘ಬೈಯುತ್ತಾರೆ ಎಂಬ ಹೆದರಿಕೆ’ ಎಂದು ಕಾಗದದ ಮೇಲೆ ಬಂದ ಹೆದರಿಕೆ ಅರ್ಧ ಕರಗಿರುತ್ತದೆ.

ಮೂರನೆಯ ಹೆಜ್ಜೆ: ಗಮನವನ್ನು ಚೂರು ಮಾಡುವುದನ್ನು ನಿಲ್ಲಿಸಿ

ಒಂದು ಕೆಲಸದಿಂದ ಇನ್ನೊಂದಕ್ಕೆ ಹಾರಿದಾಗ ಮನಸ್ಸು ಪೂರ್ತಿಯಾಗಿ ಜೊತೆಗೆ ಬರುವುದಿಲ್ಲ, ಅದರ ಒಂದು ತುಣುಕು ಹಿಂದೆಯೇ ಉಳಿಯುತ್ತದೆ. ಸಂಶೋಧಕಿ ಸೋಫೀ ಲೆರಾಯ್ 2009ರಲ್ಲಿ ಇದನ್ನು ‘ಗಮನದ ಉಳಿಕೆ’ ಎಂಬರ್ಥದ ಹೆಸರಿನಿಂದ ಕರೆದರು. ಹಿಂದಿನ ಕೆಲಸ ಅರ್ಧಕ್ಕೇ ನಿಂತಿದ್ದಾಗ ಈ ಉಳಿಕೆ ಹೆಚ್ಚು, ಮುಂದಿನ ಕೆಲಸ ಅಷ್ಟರಮಟ್ಟಿಗೆ ಕೆಡುತ್ತದೆ. ಬರೆಯುತ್ತಿರುವಾಗ ಒಂದು ಸಂದೇಶದ ಸದ್ದು ಕೇಳಿ ಅತ್ತ ಕಣ್ಣು ಹಾಯಿಸಿ ಮರಳಿ ಬಂದಿರೆಂದು ಇಟ್ಟುಕೊಳ್ಳಿ. ಹೋಗಿದ್ದು ಹತ್ತು ಸೆಕೆಂಡು. ಆದರೆ ‘ಅವರು ಹಾಗೇಕೆ ಬರೆದರು’ ಎಂಬ ತುಣುಕು ಬಹಳ ಹೊತ್ತು ಅಲ್ಲೇ ಇರುತ್ತದೆ. ದಿನಕ್ಕೆ ಇಂಥ ನೂರು ತುಣುಕುಗಳಾದರೆ ಸಂಜೆಗೆ ಉಳಿಯುವುದೇನು?

ಎರಡು ಹೊತ್ತುಗಳನ್ನು ಮಾತ್ರ ಕಾಯ್ದುಕೊಳ್ಳಿ, ಇಡೀ ದಿನವನ್ನು ಗೆಲ್ಲಲು ಹೋಗಬೇಡಿ. ಮೊದಲನೆಯದು ಎದ್ದ ಮೇಲಿನ ಮೊದಲ ಅರ್ಧ ಗಂಟೆ. ಎಚ್ಚರವಾದ ಕೂಡಲೇ ಮೊಬೈಲ್ ಹಿಡಿದರೆ ಬೇರೆಯವರ ಸಿಟ್ಟು, ಬೇರೆಯವರ ಸಂಭ್ರಮ, ದೂರದ ದುರಂತ ಎಲ್ಲವೂ ನಿಮ್ಮ ದಿನದ ಮೊದಲ ಯೋಚನೆಗಳಾಗುತ್ತವೆ. ಅವುಗಳಲ್ಲಿ ಯಾವುದಕ್ಕೂ ಹಾಸಿಗೆಯಲ್ಲಿ ಮಲಗಿಕೊಂಡು ನೀವು ಏನೂ ಮಾಡಲಾರಿರಿ. ಮೊಬೈಲನ್ನು ಮಲಗುವ ಕೋಣೆಯ ಹೊರಗೆ ಚಾರ್ಜ್‌ಗೆ ಹಾಕಿ, ಎಬ್ಬಿಸಲು ಬೇರೆ ಅಲಾರಂ ಗಡಿಯಾರ ಇಟ್ಟುಕೊಳ್ಳಿ. ಎರಡನೆಯದು ನಿಮ್ಮ ಲೆಕ್ಕದಲ್ಲಿ ಅಂಕಿ ಅತಿ ಹೆಚ್ಚು ಇರುವ ಒಂದು ಗಂಟೆ. ಆ ಗಂಟೆಯಲ್ಲಿ ಮೊಬೈಲ್ ಇನ್ನೊಂದು ಕೋಣೆಯಲ್ಲಿರಲಿ. ಮುಖ ಕೆಳಗೆ ಮಾಡಿ ಮೇಜಿನ ಮೇಲೆ ಇಡುವುದು ಸಾಲದು, ಕೈಗೆ ಎಟುಕುವಲ್ಲಿ ಇರುವವರೆಗೂ ಅದನ್ನು ಮುಟ್ಟಬಾರದೆಂಬ ನಿರ್ಧಾರವನ್ನು ಮತ್ತೆಮತ್ತೆ ಮಾಡುತ್ತಲೇ ಇರಬೇಕಾಗುತ್ತದೆ.

ಕೆಲಸದ ನಡುವೆ ಏಳಲೇಬೇಕಾಗಿ ಬಂದರೆ ‘ಮುಂದೆ ಮಾಡಬೇಕಾದದ್ದು ಇದು’ ಎಂದು ಅರ್ಧ ಸಾಲು ಗೀಚಿಟ್ಟು ಏಳಿ. ಹಿಂದೆ ಉಳಿಯುವ ತುಣುಕು ಚಿಕ್ಕದಾಗುತ್ತದೆ, ಮರಳಿ ಬಂದಾಗ ಎಲ್ಲಿಂದ ಶುರು ಮಾಡಲಿ ಎಂದು ತಡಕಾಡಬೇಕಾಗಿಲ್ಲ.

ನಾಲ್ಕನೆಯ ಹೆಜ್ಜೆ: ಒಳಗೆ ನಡೆಯುವ ಮಾತು

ಅತಿ ಹೆಚ್ಚು ಕಸುವು ಸೋರುವುದು ಇಲ್ಲಿಯೇ ಎಂದು ನನಗನ್ನಿಸುತ್ತದೆ, ಏಕೆಂದರೆ ಇದನ್ನು ಯಾರೂ ನೋಡುವುದಿಲ್ಲ.

ಚಿಂತೆಯನ್ನು ತೆಗೆದುಕೊಳ್ಳಿ. ಯೋಚನೆಗೂ ಚಿಂತೆಗೂ ಒಂದು ಸರಳ ವ್ಯತ್ಯಾಸವಿದೆ. ಯೋಚನೆ ಎಲ್ಲಿಗಾದರೂ ತಲುಪುತ್ತದೆ, ಚಿಂತೆ ಗಾಣದ ಎತ್ತಿನಂತೆ ಸುತ್ತಿ ಅಲ್ಲಿಗೇ ಬರುತ್ತದೆ. ಸುತ್ತುವಾಗಲೆಲ್ಲ ದೇಹ ಅದನ್ನು ನಿಜವಾದ ಅಪಾಯವೆಂದೇ ತಿಳಿಯುತ್ತದೆ. ಅಡ್ರಿನಲಿನ್, ಕಾರ್ಟಿಸಾಲ್ ಹಾರ್ಮೋನುಗಳು ಏರುತ್ತವೆ, ಎದೆ ಬಡಿತ ಹೆಚ್ಚುತ್ತದೆ, ಭುಜ ಬಿಗಿಯುತ್ತದೆ. ಓಡುವುದಕ್ಕೋ ಹೋರಾಡುವುದಕ್ಕೋ ದೇಹ ಸಿದ್ಧವಾಗಿ ನಿಂತಿರುತ್ತದೆ, ನಾವು ಕುರ್ಚಿಯಲ್ಲಿ ಕುಳಿತೇ ಇರುತ್ತೇವೆ. ಹೀಗೆ ಪದೇಪದೇ ಸಿದ್ಧವಾಗಿ ನಿಲ್ಲುವುದರಿಂದ ದೇಹಕ್ಕಾಗುವ ಸವೆತದ ಬಗ್ಗೆ ಬ್ರೂಸ್ ಮೆಕೆವೆನ್ ಎಂಬ ವಿಜ್ಞಾನಿ 1990ರ ದಶಕದಿಂದಲೂ ಬರೆದರು.

‘ಚಿಂತಿಸಬೇಡ’ ಎಂದರೆ ಚಿಂತೆ ನಿಲ್ಲುವುದಿಲ್ಲ. ಅದಕ್ಕೊಂದು ಹೊತ್ತು ಗೊತ್ತು ಮಾಡಿ. ಥಾಮಸ್ ಬೊರ್ಕೊವೆಕ್ ಮತ್ತು ಸಂಗಡಿಗರು 1983ರಲ್ಲಿ ವಿವರಿಸಿದ ಕ್ರಮವಿದು: ಪ್ರತಿದಿನ ಒಂದೇ ಜಾಗದಲ್ಲಿ, ಒಂದೇ ಹೊತ್ತಿಗೆ ಅರ್ಧ ಗಂಟೆ ಚಿಂತೆಗೆಂದೇ ಮೀಸಲಿಡುವುದು. ಬೇರೆ ಹೊತ್ತಿನಲ್ಲಿ ಚಿಂತೆ ಬಂದರೆ ಒಂದು ಪದದಲ್ಲಿ ಬರೆದುಕೊಂಡು ‘ಸಂಜೆ ಆರಕ್ಕೆ ನೋಡುತ್ತೇನೆ’ ಎಂದು ಮುಂದೆ ಸಾಗುವುದು. ಆರಕ್ಕೆ ಕುಳಿತಾಗ ಪಟ್ಟಿಯಲ್ಲಿನ ಕೆಲವು ಆಗಲೇ ಸತ್ವ ಕಳೆದುಕೊಂಡಿರುತ್ತವೆ. ಉಳಿದವುಗಳಿಗೆ ‘ನಾನು ಮಾಡಬಹುದಾದದ್ದು ಏನಾದರೂ ಇದೆಯೇ?’ ಎಂದು ಕೇಳಿ. ಇದ್ದರೆ ಎರಡನೆಯ ಹೆಜ್ಜೆಯ ಪಟ್ಟಿಗೆ ಸೇರಿಸಿ. ಮಲಗುವ ಹೊತ್ತಿಗೆ ಹತ್ತಿರವಾಗಿ ಈ ಅರ್ಧ ಗಂಟೆಯನ್ನು ಇಟ್ಟುಕೊಳ್ಳಬೇಡಿ.

ಇನ್ನು ನಮ್ಮನ್ನು ನಾವೇ ಬೈದುಕೊಳ್ಳುವುದು. ಬೈದರೆ ಬುದ್ಧಿ ಬರುತ್ತದೆ ಎಂದು ನಂಬಿ ಬೆಳೆದವರು ನಾವು. ಆದರೆ ತಪ್ಪು ಮಾಡಿದ ಮೇಲೆ ಒಳಗೆ ಏಳುವ ‘ನೀನು ಇಷ್ಟೇ, ನಿನ್ನಿಂದ ಏನೂ ಆಗದು’ ಎಂಬ ದನಿಯಿಂದ ಯಾರಾದರೂ ಎದ್ದು ಕೆಲಸಕ್ಕೆ ನಿಂತದ್ದನ್ನು ನಾನು ಕಂಡಿಲ್ಲ. ಕೆನಡಾದ ಕಾರ್ಲ್‌ಟನ್ ವಿಶ್ವವಿದ್ಯಾಲಯದ ಮೊದಲ ವರ್ಷದ ವಿದ್ಯಾರ್ಥಿಗಳ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನ ಇದನ್ನೇ ಹೇಳುತ್ತದೆ. ಮೊದಲ ಪರೀಕ್ಷೆಗೆ ಓದುವುದನ್ನು ಮುಂದೂಡಿದ್ದಕ್ಕಾಗಿ ತಮ್ಮನ್ನು ತಾವು ಕ್ಷಮಿಸಿಕೊಂಡವರು ಮುಂದಿನ ಪರೀಕ್ಷೆಗೆ ಕಡಿಮೆ ಮುಂದೂಡಿದರು. ಬೈಗುಳ ಆ ಕೆಲಸದ ಸುತ್ತ ಇನ್ನಷ್ಟು ಕಹಿಯನ್ನು ಸುತ್ತುತ್ತದೆ, ಕಹಿಯಾದದ್ದರಿಂದ ಮನಸ್ಸು ಮತ್ತೆ ಓಡಿಹೋಗುತ್ತದೆ. ಆ ದನಿ ಎದ್ದಾಗ ಇದೇ ತಪ್ಪನ್ನು ನಿಮ್ಮ ತಂಗಿಯೋ ಗೆಳೆಯನೋ ಮಾಡಿದ್ದರೆ ಏನು ಹೇಳುತ್ತಿದ್ದಿರೋ ಆ ವಾಕ್ಯವನ್ನು ನಿಮಗೇ ಹೇಳಿಕೊಳ್ಳಿ. ಮೊದಲ ಸಲ ಕೃತಕವೆನ್ನಿಸುತ್ತದೆ. ಆದರೂ ಹೇಳಿಕೊಳ್ಳಿ.

ದೂರುವ ಮಾತಿನ ಬಗ್ಗೆ ಎಚ್ಚರಿಕೆಯಿಂದ ಬರೆಯಬೇಕು. ಕಷ್ಟವನ್ನು ಹತ್ತಿರದವರೊಡನೆ ಹಂಚಿಕೊಳ್ಳುವುದು ಅಗತ್ಯ, ಅದನ್ನು ಬಿಡಿ ಎಂದು ಹೇಳುವವರ ಮಾತು ಕೇಳಬೇಡಿ. ಕುಗ್ಗಿಸುವುದು ಒಂದೇ ದೂರನ್ನು ಅದೇ ಜನರೊಂದಿಗೆ ದಿನವೂ ಹೊಸದಾಗಿ ಕಟ್ಟುವುದು. ಸಿಟ್ಟನ್ನು ಹೊರಹಾಕಿದರೆ ಹಗುರಾಗುತ್ತದೆ ಎಂಬ ನಂಬಿಕೆಯನ್ನು ಬ್ರಾಡ್ ಬುಷ್‌ಮನ್ 2002ರಲ್ಲಿ ಪರೀಕ್ಷಿಸಿದರು. ತಮ್ಮನ್ನು ಕೆರಳಿಸಿದವರನ್ನು ನೆನೆಯುತ್ತಾ ಚೀಲಕ್ಕೆ ಗುದ್ದಿದವರ ಸಿಟ್ಟು, ಸುಮ್ಮನೆ ಕುಳಿತಿದ್ದವರ ಸಿಟ್ಟಿಗಿಂತ ಹೆಚ್ಚಿತ್ತು. ಹೀಗಾಗಿ ಒಂದು ದೂರನ್ನು ಮೂರನೆಯ ಬಾರಿ ಹೇಳಹೊರಟಾಗ ನಿಂತು, ಇದರ ಬಗ್ಗೆ ಏನು ಕೇಳಬೇಕು, ಯಾರನ್ನು ಕೇಳಬೇಕು ಎಂಬುದನ್ನು ಮಾತಿಗೆ ಸೇರಿಸಿ. ಕೇಳುವುದು ಏನೂ ಇಲ್ಲದಿದ್ದರೆ ಎದ್ದು ಹತ್ತು ನಿಮಿಷ ನಡೆದು ಬನ್ನಿ.

ಇನ್ನೊಂದು ಅಭ್ಯಾಸವಿದೆ, ಅದನ್ನು ಕೆಟ್ಟದ್ದೆಂದು ಯಾರೂ ಗುರುತಿಸುವುದಿಲ್ಲ. ಯಶಸ್ಸಿನ ಸವಿಗನಸು. ಪುಸ್ತಕ ಬರೆದಾಯಿತು, ತೂಕ ಇಳಿಯಿತು, ಎಲ್ಲರೂ ಹೊಗಳಿದರು ಎಂದು ಕಲ್ಪಿಸಿಕೊಂಡು ಸುಖಿಸುವುದು. ಹೀದರ್ ಕಾಪೆಸ್ ಮತ್ತು ಗೇಬ್ರಿಯೆಲ್ ಎಟ್ಟಿಂಗನ್ 2011ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಇಂಥ ಕನಸು ಕಂಡವರ ಚೈತನ್ಯ ಇಳಿದಿತ್ತು. ರಕ್ತದೊತ್ತಡದ ಅಳತೆಯಲ್ಲೂ ಅದು ಕಾಣಿಸಿತು. ಗುರಿ ಮುಟ್ಟಿದ ನೆಮ್ಮದಿ ಮೊದಲೇ ಸಿಕ್ಕಿಬಿಟ್ಟರೆ ದೇಹ ಎದ್ದು ಹೊರಡುವುದೇಕೆ? ಕನಸು ಕಾಣಿ, ಆದರೆ ಅದರ ಬೆನ್ನಿಗೇ ‘ನನ್ನೊಳಗೆ ಇದಕ್ಕೆ ಅಡ್ಡ ನಿಂತಿರುವುದು ಏನು?’ ಎಂದೂ ಕೇಳಿಕೊಳ್ಳಿ.

ಐದನೆಯ ಹೆಜ್ಜೆ: ದಾಕ್ಷಿಣ್ಯದ ಸಾಲ ತೀರಿಸಿ

ಮನೆಗೆ ಮಾರಿ, ಊರಿಗೆ ಉಪಕಾರಿ ಎನ್ನುತ್ತಾರೆ. ಆ ಉಪಕಾರಿಯ ಸಂಜೆ ಹೇಗಿರುತ್ತದೆ ಎಂದು ಯಾರೂ ಕೇಳುವುದಿಲ್ಲ. ದಾಕ್ಷಿಣ್ಯಕ್ಕೆ ಒಪ್ಪಿಕೊಂಡ ಕೆಲಸ ಎರಡು ಸಲ ದಣಿಸುತ್ತದೆ: ಒಮ್ಮೆ ಮಾಡುವಾಗ, ಅದಕ್ಕೂ ಮುಂಚೆ ‘ಏಕೆ ಒಪ್ಪಿದೆ’ ಎಂದು ಕೊರಗುವಾಗ. ಪರಿಹಾರ ಒಂದೇ ವಾಕ್ಯದಲ್ಲಿದೆ. ಯಾರೇ ಏನೇ ಕೇಳಿದರೂ ಅಲ್ಲಿಯೇ ಒಪ್ಪಬೇಡಿ, ನಿರಾಕರಿಸಲೂ ಬೇಡಿ. ‘ನೋಡಿ ನಾಳೆ ಬೆಳಿಗ್ಗೆ ಹೇಳುತ್ತೇನೆ’ ಎನ್ನಿ, ಮತ್ತು ನಾಳೆ ಬೆಳಿಗ್ಗೆ ಹೇಳಿ. ಆಗುವುದಿಲ್ಲವಾದರೆ ಹತ್ತು ಕಾರಣ ಕೊಡಬೇಕಾಗಿಲ್ಲ. ‘ಈ ಬಾರಿ ನನ್ನಿಂದಾಗುವುದಿಲ್ಲ, ಕ್ಷಮಿಸಿ’ ಸಾಕು. ಕಾರಣಗಳನ್ನು ಕೊಟ್ಟಷ್ಟೂ ಎದುರಿನವರು ಅವುಗಳಿಗೆ ಪರಿಹಾರ ಹುಡುಕುತ್ತಾರೆ. ಈಗಾಗಲೇ ಒಪ್ಪಿಕೊಂಡು ಕೊರಗುತ್ತಿರುವುದಿದ್ದರೆ ಈ ವಾರವೇ ಒಂದರಿಂದ ಹಿಂದೆ ಸರಿಯಿರಿ, ಅಥವಾ ಪೂರ್ತಿ ಮನಸ್ಸಿನಿಂದ ಮಾಡಿ ಮುಗಿಸಿ.

ಆರನೆಯ ಹೆಜ್ಜೆ: ನಿದ್ದೆಯಿಂದ ಕದಿಯಬೇಡಿ

ಹಗಲೆಲ್ಲ ಬೇರೆಯವರಿಗಾಗಿ ದುಡಿದವರು ರಾತ್ರಿ ಹನ್ನೊಂದಕ್ಕೆ ‘ಈಗ ನನ್ನ ಸಮಯ’ ಎಂದು ಕುಳಿತುಕೊಳ್ಳುತ್ತಾರೆ. ಒಂದು ವಿಡಿಯೊ ಹತ್ತಾಗುತ್ತದೆ, ಗಂಟೆ ಒಂದಾಗುತ್ತದೆ. ಇವರ ಬಗ್ಗೆ ನನಗೆ ಮರುಕವಿದೆ, ಏಕೆಂದರೆ ಅವರು ಕೇಳುತ್ತಿರುವುದು ನ್ಯಾಯವಾದದ್ದನ್ನೇ. ಆದರೆ ಅದನ್ನು ತಪ್ಪು ಪೆಟ್ಟಿಗೆಯಿಂದ ತೆಗೆಯುತ್ತಿದ್ದಾರೆ. ವಯಸ್ಕರಿಗೆ ದಿನಕ್ಕೆ ಕನಿಷ್ಠ ಏಳು ಗಂಟೆ ನಿದ್ದೆ ಬೇಕೆಂಬುದು ನಿದ್ರಾತಜ್ಞರ ಒಮ್ಮತ. 2003ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಸಂಶೋಧಕರು ಪ್ರಕಟಿಸಿದ ಪ್ರಯೋಗದಲ್ಲಿ, ಎರಡು ವಾರ ದಿನಕ್ಕೆ ಆರು ಗಂಟೆ ಅಥವಾ ಅದಕ್ಕಿಂತ ಕಡಿಮೆ ಮಲಗಿದವರ ಗಮನಶಕ್ತಿ ಎರಡು ರಾತ್ರಿಯವರೆಗೆ ನಿದ್ದೆಯೇ ಮಾಡದವರ ಮಟ್ಟಕ್ಕೆ ಇಳಿದಿತ್ತು. ತಾವು ಅಷ್ಟು ಕುಸಿದಿದ್ದೇವೆ ಎಂಬುದು ಬಹುಪಾಲು ಅವರ ಅರಿವಿಗೇ ಬಂದಿರಲಿಲ್ಲ. ‘ನನಗೆ ಐದು ಗಂಟೆ ಸಾಕು, ಅಭ್ಯಾಸವಾಗಿದೆ’ ಎನ್ನುವವರ ಮಾತನ್ನು ಹಾಗಾಗಿಯೇ ನಾನು ನಂಬುವುದಿಲ್ಲ.

‘ನನ್ನ ಸಮಯ’ವನ್ನು ಸಂಜೆಗೆ ತನ್ನಿ. ಅರ್ಧ ಗಂಟೆಯಾದರೂ ಸರಿ, ಮನೆಯವರಿಗೆ ಹೇಳಿಯೇ ತೆಗೆದುಕೊಳ್ಳಿ. ಕಾಫಿ, ಚಹಾಗಳನ್ನು ಮಧ್ಯಾಹ್ನಕ್ಕೇ ನಿಲ್ಲಿಸಿ: ದೇಹ ಸೇರಿದ ಕೆಫೀನ್ ಅರ್ಧಕ್ಕಿಳಿಯಲು ಸುಮಾರು ಐದು ಗಂಟೆ ಬೇಕು, ಸಂಜೆ ಐದಕ್ಕೆ ಕುಡಿದದ್ದರ ಅರ್ಧ ರಾತ್ರಿ ಹತ್ತಕ್ಕೂ ರಕ್ತದಲ್ಲಿರುತ್ತದೆ. ಕೆಫೀನ್ ಕಸುವನ್ನು ಕೊಡುವುದೂ ಇಲ್ಲ. ದಣಿವನ್ನು ಸೂಚಿಸುವ ಅಡಿನೊಸಿನ್ ಎಂಬ ರಾಸಾಯನಿಕದ ಮಾತು ಮಿದುಳಿಗೆ ಕೇಳಿಸದಂತೆ ತಡೆಯುತ್ತದೆ, ಅಷ್ಟೇ. ಮಲಗುವ ಮುನ್ನ ಐದು ನಿಮಿಷ ನಾಳೆಯ ಕೆಲಸಗಳನ್ನು ಬರೆಯಿರಿ. ಬೇಲರ್ ವಿಶ್ವವಿದ್ಯಾಲಯದ 2018ರ ಪ್ರಯೋಗವೊಂದರಲ್ಲಿ ಹೀಗೆ ಬರೆದವರು, ಮುಗಿಸಿದ ಕೆಲಸಗಳನ್ನು ಬರೆದವರಿಗಿಂತ ಸುಮಾರು ಒಂಬತ್ತು ನಿಮಿಷ ಬೇಗ ನಿದ್ದೆಹೋದರು.

ಏಳನೆಯ ಹೆಜ್ಜೆ: ಒಂದನ್ನೇ ಹಿಡಿಯಿರಿ

ಇಷ್ಟು ಓದಿದ ಮೇಲೆ ನಾಳೆಯಿಂದಲೇ ಎಲ್ಲವನ್ನೂ ಬದಲಾಯಿಸುವ ಆಸೆ ಹುಟ್ಟುತ್ತದೆ. ಆ ಆರಂಭಶೂರತ್ವ ಸಾಮಾನ್ಯವಾಗಿ ನಾಲ್ಕನೆಯ ದಿನಕ್ಕೆ ಮುಗಿದು, ಇನ್ನೊಂದು ಅರೆಬರೆ ಕೆಲಸವಾಗಿ ತಲೆಯಲ್ಲಿ ಕುಳಿತುಕೊಳ್ಳುತ್ತದೆ. ನಿಮ್ಮ ಇಪ್ಪತ್ತೆಂಟು ಸಾಲುಗಳಲ್ಲಿ ಅತಿ ಹೆಚ್ಚು ಸಲ ಬಂದ ಒಂದೇ ಒಂದು ತೂತನ್ನು ಆರಿಸಿಕೊಳ್ಳಿ.

ಅದನ್ನು ‘ಹೀಗಾದರೆ ಹೀಗೆ’ ಎಂಬ ರೂಪದಲ್ಲಿ ಬರೆಯಿರಿ. ಇದರ ಉಪಯೋಗವನ್ನು ಪೀಟರ್ ಗೋಲ್‌ವಿಟ್ಸರ್ ಎಂಬ ಮನಶ್ಶಾಸ್ತ್ರಜ್ಞರು ಅನೇಕ ಪ್ರಯೋಗಗಳಲ್ಲಿ ತೋರಿಸಿದ್ದಾರೆ. ‘ಮೊಬೈಲ್ ಕಡಿಮೆ ನೋಡುತ್ತೇನೆ’ ಎಂಬುದು ಹಾರೈಕೆ. ‘ರಾತ್ರಿ ಊಟ ಮುಗಿಸಿ ತಟ್ಟೆ ತೊಳೆದ ಕೂಡಲೇ ಮೊಬೈಲನ್ನು ಹೊರಕೋಣೆಯಲ್ಲಿ ಚಾರ್ಜ್‌ಗೆ ಹಾಕುತ್ತೇನೆ’ ಎಂಬುದು ಯೋಜನೆ. ಈಗಾಗಲೇ ತಪ್ಪದೆ ನಡೆಯುವ ಒಂದು ಕೆಲಸದ ಬೆನ್ನಿಗೆ ಹೊಸದನ್ನು ಕಟ್ಟಿದರೆ ಪ್ರತಿ ಸಲವೂ ನೆನಪಿಸಿಕೊಳ್ಳಬೇಕಾದ ಕಷ್ಟ ಇಲ್ಲ.

ಮನೋಬಲದ ಮೇಲೆ ಹೆಚ್ಚು ಭಾರ ಹಾಕಬೇಡಿ. ಮನೋಬಲ ಬಳಸಿದಷ್ಟೂ ಖಾಲಿಯಾಗುವ ತೊಟ್ಟಿ ಎಂಬ ಸಿದ್ಧಾಂತ ಬಹಳ ವರ್ಷ ಪ್ರಚಾರದಲ್ಲಿತ್ತು, ಆದರೆ 2016ರಲ್ಲಿ 23 ಪ್ರಯೋಗಾಲಯಗಳು ಸೇರಿ ಎರಡು ಸಾವಿರಕ್ಕೂ ಹೆಚ್ಚು ಜನರ ಮೇಲೆ ಪರೀಕ್ಷಿಸಿದಾಗ ಅಂಥ ಪರಿಣಾಮ ಹೆಚ್ಚುಕಡಿಮೆ ಕಾಣಿಸಲೇ ಇಲ್ಲ. ಆದುದರಿಂದ ‘ನನ್ನ ಮನೋಬಲ ಮುಗಿಯಿತು’ ಎಂದು ಕೈಚೆಲ್ಲುವ ಮುನ್ನ ಸುತ್ತಲಿನ ವಸ್ತುಗಳನ್ನು ಸರಿಸಿ ನೋಡಿ. ಕೆಟ್ಟ ಅಭ್ಯಾಸಕ್ಕೆ ನಾಲ್ಕು ಹೆಜ್ಜೆ ದೂರವಿರಲಿ, ಒಳ್ಳೆಯದು ಕೈಗೆ ಸಿಗುವಂತಿರಲಿ.

ಎಷ್ಟು ದಿನ? ಇಪ್ಪತ್ತೊಂದು ದಿನಕ್ಕೆ ಹೊಸ ಅಭ್ಯಾಸ ಬೇರೂರುತ್ತದೆ ಎಂಬ ಮಾತನ್ನು ಮರೆತುಬಿಡಿ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಫಿಲಿಪ್ಪಾ ಲಾಲಿ ಮತ್ತು ಸಂಗಡಿಗರು 96 ಜನರನ್ನು 12 ವಾರ ಗಮನಿಸಿದರು. ಹೊಸ ಅಭ್ಯಾಸ ತಾನಾಗಿ ನಡೆಯುವ ಮಟ್ಟಕ್ಕೆ ಬರಲು ನಡುಮಟ್ಟದಲ್ಲಿ 66 ದಿನ ಬೇಕೆಂದು ಅವರ ಲೆಕ್ಕ ತೋರಿಸಿತು, ಆದರೆ ಒಬ್ಬೊಬ್ಬರಿಗೆ 18ರಿಂದ 254 ದಿನಗಳವರೆಗೆ ವ್ಯತ್ಯಾಸವಿತ್ತು (12 ವಾರ ಮೀರಿದ ದಿನಗಳು ಲೆಕ್ಕದಿಂದ ಬಂದ ಅಂದಾಜು). ನಡುವೆ ಒಂದು ದಿನ ತಪ್ಪಿದ್ದರಿಂದ ಹೇಳಿಕೊಳ್ಳುವಂಥ ಹಾನಿಯಾಗಲಿಲ್ಲ. ಒಂದು ದಿನ ತಪ್ಪಿದರೆ ಬೈದುಕೊಳ್ಳದೆ ಮರುದಿನ ಅದೇ ಹೊತ್ತಿಗೆ ಮತ್ತೆ ಮಾಡಿ. ಎರಡು ದಿನ ಸತತವಾಗಿ ತಪ್ಪಿದರೆ ಯೋಜನೆ ದೊಡ್ಡದಾಯಿತೆಂದು ತಿಳಿದು ಅದನ್ನು ಅರ್ಧಕ್ಕೆ ಇಳಿಸಿ.

ಆರು ವಾರಗಳ ನಂತರ ಇನ್ನೊಮ್ಮೆ ಏಳು ದಿನಗಳ ಲೆಕ್ಕ ಬರೆದು, ಮೊದಲ ವಾರದ ಹಾಳೆಯ ಪಕ್ಕದಲ್ಲಿ ಇಡಿ. ಸಂಜೆ ನಾಲ್ಕರ ಎದುರು 2 ಇದ್ದಲ್ಲಿ 3 ಬಂದಿದ್ದರೆ ಅದನ್ನು ಚಿಕ್ಕದೆಂದು ತಳ್ಳಿಹಾಕದೆ, ಮುಂದಿನ ತೂತಿಗೆ ಕೈ ಹಾಕಿ. ಏನೂ ಬದಲಾಗಿರದಿದ್ದರೆ ಮುಚ್ಚಿದ ತೂತು ನೀವು ಅಂದುಕೊಂಡಷ್ಟು ದೊಡ್ಡದಿರಲಿಲ್ಲ. ಗೆರೆ ಎಳೆದ ಸಾಲುಗಳಲ್ಲಿ ಎರಡನೆಯದಾಗಿ ಹೆಚ್ಚು ಬಂದದ್ದು ಯಾವುದೆಂದು ಹುಡುಕಿ, ಅದರಿಂದ ಶುರು ಮಾಡಿ.